ಮೈಮೇಲೆ ಬರುವುದು, ಗಾಳಿ, ಮಾಟ, ಭಾನಾಮತಿ: ಮನೋವೈದ್ಯರಿಗೆ ನಿಮ್ಮ ಪ್ರಶ್ನೆಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯೆಯೊಬ್ಬರು ಇವತ್ತು ಸಂಜೆ ನಮ್ಮ ಜೊತೆ ಇರುತ್ತಾರೆ. ಮೈಮೇಲೆ ಬರುವುದು, ಗಾಳಿ ಸೋಕುವುದು, ಮಾಟ, ಭಾನಾಮತಿ ಬಗ್ಗೆ ಕೇಳಿ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಮಂಜು, ಕಡೂರು: ಮೇಡಂ, ರಾತ್ರಿ ಎಚ್ಚರ ಆಗುತ್ತೆ, ಆದರೆ ಕೈಕಾಲು ಆಡಲ್ಲ. ಎದೆ ಮೇಲೆ ಯಾರೋ ಕೂತ ಹಾಗೆ ಭಾರ. ಕೂಗಿದರೆ ಧ್ವನಿ ಬರಲ್ಲ. ಈ ಬಾಡಿಗೆ ಮನೆಯಲ್ಲಿ ಹಿಂದೆ ಒಬ್ಬರು ತೀರಿಕೊಂಡಿದ್ದರಂತೆ. ಮನೆ ಖಾಲಿ ಮಾಡಬೇಕಾ?

ಡಾಕ್ಟರ್: ಬೇಡ. ಇದು ಸ್ಲೀಪ್ ಪ್ಯಾರಾಲಿಸಿಸ್. ಕನಸು ಬೀಳುವ ನಿದ್ದೆಯಲ್ಲಿ ಮಿದುಳು ಸ್ನಾಯುಗಳನ್ನು ಕಟ್ಟಿ ಹಾಕಿರುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡುವವರು ಎದ್ದು ಓಡಿಬಿಡುತ್ತಾರೆ. ಕೆಲವೊಮ್ಮೆ ಎಚ್ಚರ ಮೊದಲು ಆಗುತ್ತದೆ, ಮೈ ಆಮೇಲೆ ಬಿಡುತ್ತದೆ. ಆ ಹೊತ್ತಿನಲ್ಲಿ ಕನಸು ಪೂರ್ತಿ ಹೋಗಿರುವುದಿಲ್ಲ. ಜಪಾನಿನವರು ಇದನ್ನು ಕನಾಶಿಬಾರಿ ಅಂತಾರೆ, ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮುದುಕಿಯೊಬ್ಬಳು ಎದೆ ಮೇಲೆ ಕೂರುತ್ತಾಳೆ ಅಂತಾರೆ. ಭಾರ ಎಲ್ಲ ಕಡೆ ಒಂದೇ, ಕೂರುವವರು ಮಾತ್ರ ಊರಿಗೊಬ್ಬರು. ನಿದ್ದೆ ಸರಿಯಾಗಿ ಮಾಡಿ. ಅಂಗಾತ ಮಲಗಬೇಡಿ. ಹಗಲಲ್ಲೂ ತಡೆಯಲಾರದಷ್ಟು ನಿದ್ದೆ ಬರುತ್ತಿದ್ದರೆ ಬಂದು ತೋರಿಸಿ.

ಶೋಭಾ: ಅಮಾವಾಸ್ಯೆ ಹುಣ್ಣಿಮೆ ಬಂದರೆ ನಮ್ಮ ಭಾವನಿಗೆ ಜಾಸ್ತಿ ಆಗುತ್ತೆ. ಯಾಕೆ?

ಡಾಕ್ಟರ್: ಕ್ಯಾಲೆಂಡರ್ ನೋಡದೆ, ಜಾಸ್ತಿಯಾದ ದಿನಗಳನ್ನಷ್ಟೇ ಬರೆದಿಡಿ. ಮೂರು ತಿಂಗಳಾದ ಮೇಲೆ ಪಂಚಾಂಗದ ಜೊತೆ ಹೋಲಿಸಿ. ಅಮಾವಾಸ್ಯೆಯ ದಿನ ಆದದ್ದು ನೆನಪಿರುತ್ತದೆ, ಸಪ್ತಮಿಯ ದಿನ ಆದದ್ದು ಮರೆತುಹೋಗುತ್ತದೆ.

ಹೆಸರು ಬೇಡ, ತಿಪಟೂರು: ಮೇಡಂ, ನನ್ನ ತಂಗಿಗೆ ಹೆರಿಗೆಯಾಗಿ 9 ದಿನ. ಬಾಣಂತನಕ್ಕೆ ನಮ್ಮ ಮನೆಯಲ್ಲೇ ಇದ್ದಾಳೆ. ಮೂರು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ. ಇದ್ದಕ್ಕಿದ್ದಂತೆ ನಗುತ್ತಾಳೆ, ತೀರಿಹೋದ ಅಜ್ಜಿ ಮಾತಾಡುತ್ತಿದ್ದ ಹಾಗೆ ಬೈಯುತ್ತಾಳೆ. ಮಗು ನನ್ನದಲ್ಲ, ಬದಲಾಯಿಸಿದ್ದಾರೆ ಅಂತಾಳೆ. ಹಸಿ ಮೈಗೆ ಗಾಳಿ ಸೋಕಿದೆ ಅಂತ ಅಮ್ಮ ತಾಯಿತ ಕಟ್ಟಿಸಿದ್ದಾರೆ. ಶುಕ್ರವಾರ ಒಬ್ಬರು ಬಿಡಿಸುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ಏನು ಮಾಡಲಿ?

ಡಾಕ್ಟರ್: ಶುಕ್ರವಾರದವರೆಗೆ ಕಾಯಬೇಡಿ. ಈಗಲೇ ಹೇಳಿ: ಜ್ವರ ಇದೆಯಾ? ತಲೆನೋವು? ಫಿಟ್ಸ್ ಬಂತಾ? ಕೈಕಾಲು ಒಂದು ಪಕ್ಕ ಸೋತಿದೆಯಾ? ಮಗು ಈಗ ಯಾರ ಹತ್ತಿರ ಇದೆ?

ವಿನಯ್: ಈ ಮೈಮೇಲೆ ಬರೋದೆಲ್ಲ ಶುದ್ಧ ನಾಟಕ. ಎರಡು ಬಿಟ್ಟರೆ ಸರಿಹೋಗುತ್ತೆ.

ಡಾಕ್ಟರ್: ವಿನಯ್, ಈ ಮಾತು ಅಳಿಸಿ. ದೆವ್ವ ಬಿಡಿಸುವವನು ಹೊಡೆಯುವುದೂ ಹೀಗೆ ಅಂದುಕೊಂಡೇ.

ಹೆಸರು ಬೇಡ, ತಿಪಟೂರು: ಜ್ವರ ಇಲ್ಲ. ಎರಡು ದಿನದಿಂದ ತಲೆ ಸಿಡಿಯುತ್ತೆ ಅಂತಾಳೆ. ಫಿಟ್ಸ್ ಇಲ್ಲ. ಮಗು ಅಮ್ಮನ ಹತ್ತಿರ ಇದೆ. ಬೆಳಿಗ್ಗೆ ಮಗೂನ ಗಂಗಮ್ಮನಿಗೆ ಒಪ್ಪಿಸಬೇಕು ಅಂತ ಬಾವಿ ಕಡೆ ನೋಡುತ್ತಿದ್ದಳು. ಗಂಡನ ಮನೆಯವರಿಗೆ ತಿಳಿದರೆ ಏನಂತಾರೋ ಅಂತ ಭಯ.

ಡಾಕ್ಟರ್: ಬೇರೆಯವರು ಸ್ವಲ್ಪ ಹೊತ್ತು ಕಾಯಿರಿ.

ನೋಡಿ, ಇದನ್ನು ನಮ್ಮ ಹಿರಿಯರೇ ಬಾಣಂತಿ ಸನ್ನಿ ಅಂತ ಕರೆದಿದ್ದಾರೆ. ಸಾವಿರ ಹೆರಿಗೆಗೆ ಒಬ್ಬರಿಗೋ ಇಬ್ಬರಿಗೋ ಬರುತ್ತದೆ, ಹೆಚ್ಚಾಗಿ ಮೊದಲ ಎರಡು ವಾರದೊಳಗೆ. ಹೆರಿಗೆ ಆದ ತಕ್ಷಣ ಹಾರ್ಮೋನುಗಳು ಒಂದೇ ಸಲ ಇಳಿಯುತ್ತವೆ, ನಿದ್ದೆ ಕೆಡುತ್ತದೆ. ಮನೆತನದಲ್ಲಿ ಬೈಪೋಲಾರ್ ಕಾಯಿಲೆ (ಕೆಲವು ಕಾಲ ವಿಪರೀತ ಹುರುಪು, ಕೆಲವು ಕಾಲ ವಿಪರೀತ ಕುಗ್ಗುವಿಕೆ) ಇದ್ದವರಿಗೆ ಅಪಾಯ ಜಾಸ್ತಿ. ಅವಳ ಮನಸ್ಸು ಕೆಟ್ಟದ್ದಲ್ಲ, ನೀವು ಸಾಕಿದ್ದರಲ್ಲಿ ತಪ್ಪೂ ಇಲ್ಲ. ಅಜ್ಜಿಯ ಮಾತು ಬಂದದ್ದಕ್ಕೆ ಹೆದರಬೇಡಿ. ಹುಟ್ಟಿದಾಗಿನಿಂದ ಕೇಳಿದ ಮಾತು ಅವಳ ತಲೆಯಲ್ಲೇ ಇದೆ.

ನನಗೆ ಭಯ ಇರುವುದು ಎರಡು ಕಡೆ. ಒಂದು, ಬಾವಿಯ ಮಾತು. ಅದನ್ನು ಬಾಯಿಗೆ ಬಂದ ಮಾತು ಅಂತ ಬಿಡಬೇಡಿ. ತಾಯಿ ಮಗು ಇಬ್ಬರನ್ನೇ ಒಂದು ನಿಮಿಷವೂ ಬಿಡಬಾರದು, ಬಚ್ಚಲಿಗೆ ಹೋದಾಗಲೂ ಅವಳ ಜೊತೆ ಒಬ್ಬರು ಇರಲಿ. 'ಮಗು ನಿಂದೇ' ಅಂತ ವಾದ ಮಾಡಬೇಡಿ, ಬೈಯಬೇಡಿ. ಎರಡು, ತಲೆನೋವು. ಬಾಣಂತಿಯರಿಗೆ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದೂ ಹೀಗೇ ಮಾತು ತಪ್ಪಿಸುತ್ತದೆ. ನೀರು ಕುಡಿದರೆ ಬಾಣಂತಿಗೆ ಶೀತ ಅಂತ ನಮ್ಮಲ್ಲಿ ನೀರು ಕಡಿಮೆ ಕೊಡುತ್ತಾರಲ್ಲ, ಅದರಿಂದ ರಕ್ತ ಇನ್ನೂ ಗಟ್ಟಿಯಾಗುತ್ತದೆ. ಸ್ಕ್ಯಾನ್ ಮಾಡದೆ ಯಾರಿಗೂ ಇದು ಗೊತ್ತಾಗುವುದಿಲ್ಲ, ನನಗೂ ಇಲ್ಲ, ಶುಕ್ರವಾರದವರಿಗೂ ಇಲ್ಲ.

ಈಗಲೇ 108ಕ್ಕೆ ಫೋನ್ ಮಾಡಿ ಅಥವಾ ಕಾರು ಹಿಡಿಯಿರಿ. ಮೊದಲು ಸ್ಕ್ಯಾನ್ ಇರುವ ಹತ್ತಿರದ ದೊಡ್ಡ ಆಸ್ಪತ್ರೆ. 'ಹೆರಿಗೆಯಾಗಿ 9 ದಿನ, ನಿದ್ದೆ ಇಲ್ಲ, ತಲೆನೋವು, ಮಗುವಿನ ಬಗ್ಗೆ ವಿಪರೀತ ಮಾತು' ಅಂತ ಇಷ್ಟನ್ನೂ ಹೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡೇ ಇದೆ, ಬೇಕಾದರೆ ಅಲ್ಲಿಗೆ ಕಳಿಸುತ್ತಾರೆ. ಇದು ಚೆನ್ನಾಗಿ ವಾಸಿಯಾಗುವ ಕಾಯಿಲೆ. ಗಂಡನಿಗೆ ನೀವೇ ಫೋನ್ ಮಾಡಿ. ಬಚ್ಚಿಟ್ಟು ಆಮೇಲೆ ತಿಳಿದರೆ ಅವಳಿಗೇ ಕಷ್ಟ.

ಗಿರೀಶ: ಬಾಣಂತಿ ಕೋಣೆಯಲ್ಲಿ ಒಣಮೆಣಸಿನಕಾಯಿ, ಸಾಸಿವೆ ಹೊಗೆ ಹಾಕಿದರೆ ಎಂಥ ಗಾಳಿಯೂ ನಿಲ್ಲಲ್ಲ. ಫಾರ್ವರ್ಡ್ ಬಂದಿತ್ತು, ಉಪಯೋಗವಾಗಲಿ ಅಂತ ಹಾಕಿದೆ.

ಡಾಕ್ಟರ್: ಅದೇ ಕೋಣೆಯಲ್ಲಿ 9 ದಿನದ ಮಗುವಿದೆ. ಆ ಘಾಟಿಗೆ ಮಗುವಿನ ಉಸಿರು ನಿಲ್ಲಬಹುದು. ಇದನ್ನು ಯಾರೂ ಮಾಡಬಾರದು. ಅಡ್ಮಿನ್, ತೆಗೆಯಿರಿ.

ಬಸವರಾಜ: ಅಮಾವಾಸ್ಯೆಗೆ ಯಾಕೆ ಜಾಸ್ತಿ ಆಗುತ್ತೆ ಮೇಡಂ?

ಡಾಕ್ಟರ್: ಮೇಲೆ ಇದೆ.

ರೇವತಿ: ಮಗಳ ಜಾತಕದಲ್ಲಿ ಸರ್ಪದೋಷ ಇದೆಯಂತೆ. ಅದಕ್ಕೇ ಓದಿನ ಕಡೆ ಗಮನ ಇಲ್ವಾ?

ವಿನಯ್: ಕರಾವಳಿ ಕಡೆ ಹೋದರೆ ಊರಿಗೆ ಹತ್ತು ಜನಕ್ಕೆ ಮೈಮೇಲೆ ಬರುತ್ತೆ. ಅವರಿಗೂ ಮಾತ್ರೆ ಕೊಡಬೇಕಲ್ವಾ ಮೇಡಂ?

ಪುತ್ತೂರಿನಿಂದ: ನಮ್ಮ ದೈವದ ಸುದ್ದಿಗೆ ಬರಬೇಡಿ. ಕೋಲ ಕಟ್ಟುವವರು ಎಷ್ಟು ದಿನ ನೇಮದಲ್ಲಿ ಇರುತ್ತಾರೆ ನಿಮಗೆ ಗೊತ್ತುಂಟಾ?

ವಿನಯ್: ನೇಮ ಇದ್ದರೆ ಸುಳ್ಳು ನಿಜ ಆಗುತ್ತಾ?

ಡಾಕ್ಟರ್: ಕೋಲದಲ್ಲಿ ಬರುವ ಆವೇಶ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನುವ ರೋಗಗಳ ಪಟ್ಟಿಯೇ ಹಾಗೆ ಹೇಳುತ್ತದೆ. ಸಮುದಾಯ ಒಪ್ಪಿದ ಆಚರಣೆಯೊಳಗೆ ಬಂದರೆ ಅದಕ್ಕೆ ರೋಗದ ಹೆಸರಿಲ್ಲ. ಗೊತ್ತಾದ ಹೊತ್ತಿಗೆ ಬರುತ್ತದೆ, ಮುಗಿದಾಗ ಇಳಿಯುತ್ತದೆ, ಮರುದಿನ ಆ ಮನುಷ್ಯ ಕೆಲಸಕ್ಕೆ ಹೋಗುತ್ತಾರೆ. ಬೇಡ ಬೇಡ ಅಂದರೂ ಬಂದು, ಊಟ ನಿದ್ದೆ ಸಂಸಾರ ಕೆಡಿಸಿದರೆ ಮಾತ್ರ ನನ್ನ ಹತ್ತಿರ ಬರಲಿ.

ದೈವ ಇದೆಯೋ ಇಲ್ಲವೋ ಅನ್ನುವುದನ್ನು ನನ್ನ ಒಪಿಡಿಯಲ್ಲಿ ಪರೀಕ್ಷೆ ಮಾಡಲು ಬರುವುದಿಲ್ಲ. 'ಈ ತಾಯಿತದಿಂದ ಮೂರ್ಛೆ ನಿಂತಿತು' ಅಂದರೆ ಅದನ್ನು ಪರೀಕ್ಷೆ ಮಾಡಬಹುದು, ಮಾಡಲೇಬೇಕು.

ಗಿರೀಶ: ಮೂರ್ಛೆ ಬಂದಾಗ ಕೈಗೆ ಬೀಗದ ಕೈ ಕೊಟ್ಟರೆ ನಿಲ್ಲೋದು ನಾನೇ ಕಣ್ಣಾರೆ ನೋಡಿದ್ದೇನೆ. ಇದು ಫಾರ್ವರ್ಡ್ ಅಲ್ಲ.

ಡಾಕ್ಟರ್: ಫಿಟ್ಸ್ ಹೆಚ್ಚಿನ ಸಲ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಬೀಗದ ಕೈ ಹುಡುಕಿ ತರುವುದಕ್ಕೂ ಅಷ್ಟೇ ಹೊತ್ತು ಬೇಕು. ಏನೂ ಕೊಡದೆ ಇದ್ದಾಗ ಎಷ್ಟು ಹೊತ್ತಿಗೆ ನಿಂತಿತು ಅಂತ ಯಾರಾದರೂ ಗಡಿಯಾರ ನೋಡಿದ್ದೀರಾ? ಅದನ್ನು ನೋಡದೆ 'ಕಣ್ಣಾರೆ ಕಂಡೆ' ಅನ್ನಬೇಡಿ. ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ. ಐದು ನಿಮಿಷ ದಾಟಿದರೆ ಆಸ್ಪತ್ರೆ.

ಶರಣು, ಕಲಬುರಗಿ: ನಮ್ಮ ಓಣಿಯ ಒಂದು ಮನೆಯಲ್ಲಿ ಮಡಚಿಟ್ಟ ಬಟ್ಟೆಗೆ ತಾನೇ ಬೆಂಕಿ ಹತ್ತುತ್ತಿದೆರೀ. ಮಾಡು ಮೇಲೆ ಕಲ್ಲು ಬೀಳುತ್ತಿವೆ. ಭಾನಾಮತಿ ಅಂತ ಹಿಂದಿನ ಮನೆಯ ವಿಧವೆ ಅಜ್ಜಿಯ ಮೇಲೆ ಸಂಶಯ. ಮಂತ್ರವಾದಿ ಬಂದು ನಿಂಬೆಹಣ್ಣು ಕೊಯ್ದರೆ ರಕ್ತ ಬಂತು, ತಂಬಿಗೆ ನೀರೂ ಕೆಂಪಾಯಿತು.

ಡಾಕ್ಟರ್: ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಮನೆಯಲ್ಲಿ ಆರತಿಗೆ ಓಕುಳಿ ಮಾಡುವವರಿಗೆ ಇದು ಗೊತ್ತು. ಚಾಕುವಿಗೆ ಮೊದಲೇ ಮೀಥೈಲ್ ಆರೆಂಜ್ ಬಣ್ಣ ಹಚ್ಚಿದ್ದರೆ ನಿಂಬೆಯ ಹುಳಿ ತಾಗಿದ ಕೂಡಲೇ ಕೆಂಪಾಗುತ್ತದೆ. ನಿಮ್ಮ ಮನೆಯ ಚಾಕು, ನಿಮ್ಮ ಅಂಗಡಿಯ ನಿಂಬೆಹಣ್ಣು ಕೊಟ್ಟು ಕೊಯ್ಯಲು ಹೇಳಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದಾಗ ಕೇಳಿದ್ದೂ ಇಂಥದ್ದನ್ನೇ: ನಮ್ಮ ಕಣ್ಣೆದುರು, ನಮ್ಮ ಷರತ್ತಿನಲ್ಲಿ ಮಾಡಿ ತೋರಿಸಿ.

ಬೆಂಕಿ ಹತ್ತಿದಾಗಲೆಲ್ಲ ಮನೆಯಲ್ಲಿ ಯಾರಿದ್ದರು ಅಂತ ಬರೆದಿಡಿ. ಎಷ್ಟೋ ಸಲ ಅದು ಬಾಯಿಬಿಟ್ಟು ಹೇಳಲಾಗದ ಸಂಕಟ ಇರುವ ಒಂದು ಮಗು. ಮದುವೆಗೆ ಒತ್ತಾಯ, ಶಾಲೆ ಬಿಡಿಸಿದ್ದು, ಮನೆಯಲ್ಲೇ ಯಾರದೋ ಕಾಟ. ಸಿಕ್ಕಿತು ಅಂತ ಆ ಮಗುವನ್ನು ಹೊಡೆಯಬೇಡಿ, ಕೂರಿಸಿಕೊಂಡು ಕೇಳಿ. ಆ ಅಜ್ಜಿಯ ಮನೆ ಬಾಗಿಲಿಗೆ ಜನ ಸೇರುವ ಮೊದಲೇ ಪೊಲೀಸರಿಗೆ ತಿಳಿಸಿ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ನಮ್ಮ ರಾಜ್ಯದ ಕಾನೂನು 2020ರಲ್ಲೇ ಜಾರಿಗೆ ಬಂದಿದೆ.

ಚೇತನ್: ವಿಜ್ಞಾನಕ್ಕೆ ಎಲ್ಲಾ ಗೊತ್ತು ಅನ್ನೋ ಅಹಂಕಾರ ಬೇಡ. ಮಂತ್ರದ ತರಂಗ ಕ್ವಾಂಟಂ ಮಟ್ಟದಲ್ಲಿ ಕೆಲಸ ಮಾಡುತ್ತೆ.

ಡಾಕ್ಟರ್: ಯಾವ ಉಪಕರಣದಲ್ಲಿ ಅಳೆದರು?

ಚೇತನ್: ಅನುಭವದಿಂದ ಮಾತ್ರ ತಿಳಿಯುತ್ತೆ.

ಡಾಕ್ಟರ್: ಹಾಗಾದರೆ ಅನುಭವ ಅಂತ ಕರೆಯಿರಿ, ಕ್ವಾಂಟಂ ಅನ್ನಬೇಡಿ.

ಪುತ್ತೂರಿನಿಂದ: ವಿನಯ್ ಕ್ಷಮೆ ಕೇಳುವವರೆಗೆ ನಾನು ಬಿಡುವುದಿಲ್ಲ.

ವಿನಯ್: ಪ್ರಶ್ನೆ ಕೇಳಿದ್ದಕ್ಕೆ ಕ್ಷಮೆಯಾ?

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮಾತು ಬಂದರೆ ಇಬ್ಬರನ್ನೂ ತೆಗೆಯುತ್ತೇನೆ.

ನಾಗರತ್ನ: ಹುಣ್ಣಿಮೆಗೆ ನಮ್ಮ ಅತ್ತೆಗೂ ಹಾಗೇ ಆಗುತ್ತೆ, ಏನಾದರೂ ಔಷಧಿ ಹೇಳಿ.

ಡಾಕ್ಟರ್: ಮೇಲೆ ಓದಿ. ನೋಡದೆ ಔಷಧಿ ಹೇಳುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ.

ರೇವತಿ: ಸರ್ಪದೋಷದ ಬಗ್ಗೆ ಹೇಳಲೇ ಇಲ್ಲ ಮೇಡಂ.

ಹೆಸರು ಬೇಡ, ತಿಪಟೂರು: ಕಾರು ಬಂತು ಮೇಡಂ. ತಂಗಿಯ ಗಂಡನಿಗೂ ಫೋನ್ ಮಾಡಿದೆ, ನೇರ ಆಸ್ಪತ್ರೆಗೆ ಬರುತ್ತಾರೆ. ತಾಯಿತ ಬಿಚ್ಚಿದರೆ ನಾನು ಬರಲ್ಲ ಅಂತ ಅಮ್ಮ ಕೂತಿದ್ದಾರೆ.

ಡಾಕ್ಟರ್: ತಾಯಿತ ಇರಲಿ, ಈಗ ಅದಕ್ಕೆ ಜಗಳ ಬೇಡ. ಸ್ಕ್ಯಾನ್ ಹೊತ್ತಿಗೆ ಲೋಹ ಇದ್ದರೆ ಅಲ್ಲಿಯವರೇ ಬಿಚ್ಚಿಸುತ್ತಾರೆ, ಆಮೇಲೆ ಮತ್ತೆ ಕಟ್ಟಲಿ ಅಂತ ಅಮ್ಮನಿಗೆ ಹೇಳಿ. ತಾಯಿ ಕಾರ್ಡ್, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ತಗೊಳ್ಳಿ. ಕಾರಿನಲ್ಲಿ ಅವಳನ್ನು ಬಾಗಿಲ ಪಕ್ಕ ಕೂರಿಸಬೇಡಿ. ಮಗು ನಿಮ್ಮ ಅಮ್ಮನ ಮಡಿಲಲ್ಲೇ ಇರಲಿ. ಕುಡಿಯಲು ನೀರು ಕೊಡುತ್ತಾ ಹೋಗಿ. ಹೊರಡಿ.