ಸ್ತನ ಕ್ಯಾನ್ಸರ್ ಸಂಶೋಧನೆಗೆ ಚಾರಿಟಿ ಅನುದಾನ: ಅರ್ಜಿ ಹಾಕಿದ ಮೇಲೆ ಒಳಗೆ ಏನಾಗುತ್ತೆ?

ಹೇಮಾವತಿ ದಂಡೆ (ಹಾಸನ):
ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ಕೂಲಿ ಮಾಡೋ ಹೆಣ್ಣುಮಕ್ಕಳು ಎದೆಯಲ್ಲಿ ಗಂಟು ಕಂಡ ಮೇಲೂ ಆಸ್ಪತ್ರೆಗೆ ತಡವಾಗಿ ಬರ್ತಾರೆ. ಯಾಕೆ ಅನ್ನೋದರ ಮೇಲೆ ಎರಡು ವರ್ಷದ, 18 ಲಕ್ಷದ ಯೋಜನೆ ಬರೀತಿದ್ದೀವಿ. ಬ್ರಿಟನ್ನಿನ ಒಂದು ಚಾರಿಟಿಗೆ ಹಾಕೋ ಆಲೋಚನೆ. ಮಾದರಿಗೆ ಬೇಕಾದ ರೋಗಿಗಳು 384. ಜೊತೆಗೆ ಗೆಡ್ಡೆಯ ಬ್ಲಾಕ್‌ಗಳಲ್ಲಿ (ಮೇಣದಲ್ಲಿ ಕೂರಿಸಿಟ್ಟ ತುಂಡುಗಳು) ಇಆರ್, ಪಿಆರ್, ಹರ್‌-2 ಪರೀಕ್ಷೆ, ಅಂದರೆ ಗೆಡ್ಡೆಯಲ್ಲಿ ಹಾರ್ಮೋನ್ ಗ್ರಾಹಕಗಳು, ಹರ್‌-2 ಪ್ರೋಟೀನ್ ಇವೆಯಾ ಅಂತ ನೋಡೋದು. ಚಾರಿಟಿಯಲ್ಲಿ ಅರ್ಜಿಗೆ ಅಂಕ ಹಾಕೋರು ಯಾರು? ಟ್ರಸ್ಟಿಗಳ ಪರಿಚಯ ಇದ್ದರೆ ಉಪಯೋಗ ಆಗುತ್ತಾ?

ಯಗಚಿ:
ಪರಿಚಯದ ಮಾತು ಬಿಟ್ಟುಬಿಡಿ. ಎಎಂಆರ್‌ಸಿ ಅನ್ನೋದು ಅಲ್ಲಿನ ವೈದ್ಯಕೀಯ ಸಂಶೋಧನಾ ಚಾರಿಟಿಗಳ ಒಕ್ಕೂಟ. ಹೊರಗಿನ ತಜ್ಞರಿಂದ ಪರಿಶೀಲನೆ ಮಾಡಿಸದ ಚಾರಿಟಿಗೆ ಅಲ್ಲಿ ಸದಸ್ಯತ್ವವೇ ಇಲ್ಲ. ಟ್ರಸ್ಟಿಗಳು ಕೊನೆಗೆ ಸಮಿತಿಯ ಪಟ್ಟಿಗೆ ಒಪ್ಪಿಗೆ ಹಾಕ್ತಾರೆ, ಅಷ್ಟೇ.

ಅರ್ಜಿ ಮೊದಲು ಕಚೇರಿ ಸಿಬ್ಬಂದಿ ಕೈಗೆ ಹೋಗುತ್ತೆ. ಅವರು ವಿಜ್ಞಾನ ನೋಡಲ್ಲ. ಪುಟದ ಮಿತಿ, ಸಹಿ, ಅರ್ಹತೆ ನೋಡ್ತಾರೆ. ನಿಮಗೆ ಮೊದಲ ಪೆಟ್ಟು ಬೀಳೋದು ಇಲ್ಲೇ: ಬಹಳಷ್ಟು ಬ್ರಿಟಿಷ್ ಚಾರಿಟಿಗಳು ಮುಖ್ಯ ಅರ್ಜಿದಾರರು ತಮ್ಮ ದೇಶದ ಸಂಸ್ಥೆಯವರೇ ಆಗಿರಬೇಕು ಅನ್ನುತ್ತವೆ. ಹಾಗಿದ್ದರೆ ಅಲ್ಲಿನ ವಿಶ್ವವಿದ್ಯಾಲಯದವರು ಮುಂದೆ, ನೀವು ಜೊತೆಗಾರರು.

ಆಮೇಲೆ ಹೊರಗಿನ ತಜ್ಞರ ಲಿಖಿತ ಅಭಿಪ್ರಾಯ, ಅದರ ಮೇಲೆ ಸಮಿತಿ ಸಭೆ. ಸಮಿತಿಯಲ್ಲಿ ನಿಮ್ಮ ಅರ್ಜಿಯನ್ನ ಪೂರ್ತಿ ಓದಿ ಮಂಡಿಸೋರು ಇಬ್ಬರೋ ಮೂವರೋ. ಉಳಿದವರು ಬಹುತೇಕ ಸಾರಾಂಶ ನೋಡಿ ಅಂಕ ಹಾಕ್ತಾರೆ. ಹಾಗಾಗಿ ಮೊದಲ ಪುಟದಲ್ಲಿ ಪ್ರಶ್ನೆ ಕಾಣಲೇಬೇಕು. ಎಷ್ಟೋ ಕಡೆ ಈ ಕಾಯಿಲೆ ಅನುಭವಿಸಿದ ಹೆಂಗಸರೂ ಅಂಕ ಕೊಡ್ತಾರೆ. ಅವರಿಗಾಗಿ ಬರೆಯೋ ಸರಳ ಸಾರಾಂಶವನ್ನ ಕೊನೇ ರಾತ್ರಿ ಗೀಚಿ ಕಳಿಸೋರೇ ಹೆಚ್ಚು, ಅದು ಗೊತ್ತಾಗಿಬಿಡುತ್ತೆ. ಅರ್ಜಿದಾರರ ಸಂಸ್ಥೆಯವರು ಸಮಿತಿಯಲ್ಲಿದ್ದರೆ ಆ ಚರ್ಚೆಯ ಹೊತ್ತಿಗೆ ಹೊರಗೆ ಕೂರಬೇಕು. ಕಡೆಗೆ ಅಂಕದ ಕ್ರಮದಲ್ಲಿ ಮೇಲಿನಿಂದ ಹಣ ಹಂಚ್ತಾ ಬರ್ತಾರೆ. ಹಣ ಮುಗಿದ ಕಡೆ ಗೆರೆ. ಗೆರೆಯ ಕೆಳಗೂ ಒಳ್ಳೆ ಅರ್ಜಿಗಳಿರುತ್ತವೆ.

ಬಾಬಾಬುಡನ್ ಸಾಲು:
384 ಅನ್ನೋದು ಸೂತ್ರದಿಂದ ಇಳಿದ ಸಂಖ್ಯೆ (ಅರ್ಧದಷ್ಟು, ಅಂದರೆ 50% ಜನ ತಡವಾಗಿ ಬರ್ತಾರೆ ಅನ್ನೋ ಊಹೆ, ಫಲಿತಾಂಶದಲ್ಲಿ 5% ಹೆಚ್ಚುಕಮ್ಮಿಯ ಅಂತರ, 95% ವಿಶ್ವಾಸ). 10% ಜನ ಕೈಬಿಡ್ತಾರೆ ಅಂದರೆ 427 ಮಂದಿ ಬೇಕು. ತೋಟದ ಕೂಲಿಯವರಲ್ಲೇ ಅಷ್ಟು ರೋಗಿಗಳು ಎರಡು ವರ್ಷದಲ್ಲಿ ಸಿಗ್ತಾರಾ? ಪರಿಶೀಲಕರು ಕೇಳೋ ಮೊದಲ ಪ್ರಶ್ನೆ ಇದು. ಹಿಂದಿನ ಮೂರು ವರ್ಷದ ಆಸ್ಪತ್ರೆ ರಿಜಿಸ್ಟರ್ ಎಣಿಸಿ ಅರ್ಜಿಯಲ್ಲೇ ಹಾಕಿ. ಸಾಲದಿದ್ದರೆ ಅಂತರ 10% ಮಾಡಿ. 96 ಸಾಕು, ಕೈಬಿಡೋರನ್ನ ಸೇರಿಸಿ 107.

ಇನ್ನೊಂದು, ಆಸ್ಪತ್ರೆಗೆ ಬಂದವರನ್ನಷ್ಟೇ ಕೇಳಿದರೆ ಬರದೇ ಉಳಿದವರು ಲೆಕ್ಕದಿಂದಲೇ ಬಿಟ್ಟುಹೋಗ್ತಾರೆ. ಲೈನ್ ಮನೆಗಳಿಗೆ ಆಶಾ ಕಾರ್ಯಕರ್ತೆಯರ ಜೊತೆ ಹೋಗೋ ಭಾಗ ಇರಲೇಬೇಕು. ‘ಗಂಟು ಯಾವ ತಾರೀಕು ಕಂಡಿತು’ ಅಂತ ಕೇಳಿದರೆ ಉತ್ತರ ಬರಲ್ಲ. ಹಾಸನಾಂಬೆ ಬಾಗಿಲು ತೆಗೆಯೋಕೆ ಮುಂಚೆನಾ, ಆಮೇಲಾ? ರೊಬಸ್ಟಾ ಕೊಯ್ಲು ಶುರುವಾಗಿತ್ತಾ? ಹೀಗೆ ಕೇಳಿದರೆ ತಿಂಗಳು ಹಿಡಿಯಬಹುದು. ಇದನ್ನ ವಿಧಾನದ ಭಾಗದಲ್ಲಿ ಬರೀರಿ, ಅಂಕ ಬರೋದು ಇಂಥ ಕಡೆ. ಒಪ್ಪಿಗೆ ಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಸಾಲದು, ತೋಟಗಳಲ್ಲಿ ತಮಿಳು ಆಡೋರೂ ಇದ್ದಾರೆ.

ಲೆಕ್ಕಪತ್ರ:
ಬ್ರಿಟನ್ ಹಣ ಅಂದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. ಹಣ ಪಡೆಯೋ ಸಂಸ್ಥೆ ಯಾವ ಹೆಸರಲ್ಲಿ ನೋಂದಣಿಯಾಗಿದೆ ಅನ್ನೋದು ಮೊದಲು ಇತ್ಯರ್ಥ ಆಗಲಿ. 2020ರ ತಿದ್ದುಪಡಿ ಆದಮೇಲೆ ನೋಂದಾಯಿತ ಟ್ರಸ್ಟ್ ಹಣವನ್ನ ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ತರಿಸಬೇಕು, ಬೇರೆ ಸಂಸ್ಥೆಗೆ ದಾಟಿಸೋ ಹಾಗಿಲ್ಲ, ಆಡಳಿತ ವೆಚ್ಚ 20% ಮೀರಬಾರದು. ‘ಗೊತ್ತಿರೋ ಟ್ರಸ್ಟ್ ಮೂಲಕ ತರಿಸಿ ಕಾಲೇಜಿಗೆ ಕೊಡೋಣ’ ಅನ್ನೋ ಹಳೇ ದಾರಿ ಮುಚ್ಚಿದೆ.

ವಿದೇಶಿ ನೆರವಿನ ಆರೋಗ್ಯ ಸಂಶೋಧನೆಗೆ ಎಚ್‌ಎಂಎಸ್‌ಸಿ (ಕೇಂದ್ರ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ) ಒಪ್ಪಿಗೆಯೂ ಬೇಕು, ಅರ್ಜಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೂಲಕ. ಅದಕ್ಕೆ ತಿಂಗಳುಗಳು ಹಿಡಿಯುತ್ತೆ. ಸಂಬಳದ ಗಡಿಯಾರ ಏಪ್ರಿಲ್ 1ರಿಂದ ಅಂತ ಬರೆದುಕೊಂಡರೆ, ಕ್ಷೇತ್ರಕ್ಕೆ ಇಳಿಯೋ ಮೊದಲೇ ಹಣ ಕರಗುತ್ತೆ. ‘ಒಪ್ಪಿಗೆ ಬಂದ ದಿನದಿಂದ’ ಅಂತ ಹಾಕಿ.

ಹೇಮಾವತಿ ದಂಡೆ:
ಸಂಖ್ಯೆ ಇಳಿಸ್ತೀವಿ. ಬ್ಲಾಕ್ ಪರೀಕ್ಷೆ ಇಟ್ಟುಕೊಳ್ಳಬಹುದಾ?

ಯಗಚಿ:
ಫಾರ್ಮಲಿನ್ (ಗೆಡ್ಡೆ ಕೊಳೆಯದಂತೆ ಹಾಕಿಡೋ ದ್ರಾವಣ) ಹತೋಟಿಯಲ್ಲಿದ್ದರೆ ಮಾತ್ರ. 10% ನ್ಯೂಟ್ರಲ್ ಬಫರ್ಡ್ (ಆಮ್ಲೀಯವಾಗದಂತೆ ತಯಾರಿಸಿದ್ದು) ಬೇಕು, ನಲ್ಲಿ ನೀರಲ್ಲಿ ಬೆರೆಸಿದ್ದು ಬೇಡ. ಗೆಡ್ಡೆ ತೆಗೆದ ಒಂದು ಗಂಟೆಯೊಳಗೆ ಸೀಳಿ ಹಾಕಬೇಕು. ಫಾರ್ಮಲಿನ್ ಇಳಿಯೋದು ಗಂಟೆಗೆ ಸುಮಾರು 1 ಮಿ.ಮೀ., ಇಡೀ ಸ್ತನವನ್ನ ಹಾಗೇ ಮುಳುಗಿಸಿಟ್ಟರೆ ಒಳಗಿನದು ಕೊಳೆಯುತ್ತೆ. ಒಟ್ಟು ಫಾರ್ಮಲಿನ್‌ನಲ್ಲಿ ಇರಬೇಕಾದ್ದು 6ರಿಂದ 72 ಗಂಟೆ. ಎರಡನೇ ಶನಿವಾರದ ಹಿಂದಿನ ದಿನ ಆಪರೇಷನ್ ಆಗಿ, ಸೋಮವಾರ ಹಬ್ಬದ ರಜೆ ಬಂತು ಅಂದುಕೊಳ್ಳಿ. ಮಂಗಳವಾರ ಬೆಳಿಗ್ಗೆ ಡಬ್ಬಿ ತೆಗೆಯೋ ಹೊತ್ತಿಗೆ 72 ದಾಟಿರುತ್ತೆ, ಇಆರ್ ಇದ್ದರೂ ಇಲ್ಲ ಅಂತ ಬರಬಹುದು. ಹಾಕಿದ ಹೊತ್ತು, ತೆಗೆದ ಹೊತ್ತು ಎರಡನ್ನೂ ಡಬ್ಬಿ ಮೇಲೇ ಬರೆಸಿ. ಅದು ಆಗಲ್ಲ ಅಂದರೆ ಈ ಭಾಗವನ್ನ ಅರ್ಜಿಯಿಂದ ತೆಗೆದುಬಿಡಿ.