ಕರಿಯನ ಹೆದರಿಕೆ, ದೊಡ್ಡಪ್ಪನ ಈಡು

ನಮ್ಮ ‘ಮೇಲಿನಮನೆ ಬಳಗ’ ಗುಂಪಿನಲ್ಲಿ ಅಡಿಕೆ ರೇಟು, ತೀರ್ಥಹಳ್ಳಿ ಕಡೆ ಮಳೆ, ಇಷ್ಟೇ ಮಾತು. ಮೊನ್ನೆ ಮಾತ್ರ ಸುಮಕ್ಕನ ನಾಯಿ ಕರಿಯನ ವಿಷಯಕ್ಕೆ ರಾತ್ರಿ ಹನ್ನೊಂದರವರೆಗೆ ಜಗಳ.

ದೊಡ್ಡಪ್ಪ: (ಫಾರ್ವರ್ಡ್) ಹೆದರುವ ನಾಯಿಯನ್ನು ಮುದ್ದು ಮಾಡಬೇಡಿ, ಭಯ ಹೆಚ್ಚುತ್ತದೆ. ಸದ್ದು ಬರುವ ಕಡೆಯೇ ಕಟ್ಟಿಹಾಕಿ. ನಾಲ್ಕೇ ದಿನದಲ್ಲಿ ಧೈರ್ಯ ಬರುತ್ತದೆ. ಎಲ್ಲರಿಗೂ ಹಂಚಿ.

ದೊಡ್ಡಪ್ಪ: ಸುಮಾ, ನಿನಗೇ ಹಾಕಿದ್ದು.

ಸುಮಕ್ಕ: ಗೊತ್ತಾಯಿತು. ಹೋದ ವಾರ ಫೋನಿನಲ್ಲೂ ಇದನ್ನೇ ಹೇಳಿದಿರಲ್ಲ, ನಿನ್ನೆ ಮಾಡಿ ನೋಡಿದೆವು. ಗುಡುಗು ಶುರುವಾದದ್ದೇ ಕರಿಯ ಬಚ್ಚಲೊಲೆ ಪಕ್ಕದ ಸೌದೆ ಸಂದಿಗೆ ನುಗ್ಗಿದ. ಬಾಲ ಹೊಟ್ಟೆಯಡಿ, ಮೈಯೆಲ್ಲ ಬೂದಿ, ಜೊಲ್ಲು. ಇವರು ಎಳೆದು ತಂದು ಜಗಲಿ ಕಂಬಕ್ಕೆ ಕಟ್ಟಿದರು. ಸರಪಳಿ ಕಚ್ಚಿ ಕಚ್ಚಿ ಒಸಡಲ್ಲಿ ರಕ್ತ ಬಂತು.

ರವಿ ಭಾವ: ಮಗು ಹಾಗೆ ಸಾಕಿದರೆ ಹೀಗೇ. ನಮ್ಮ ಕಾಲದ ನಾಯಿಗಳು ಹಂದಿ ಅಟ್ಟುತ್ತಿದ್ದವು.

ಚಿಕ್ಕಿ: ಚೌಡಿಗೆ ಒಂದು ಕಾಯಿ ಒಡೆಸು ಸುಮಾ.

ನಾನು: ಒಡೆಸೋಣ ಚಿಕ್ಕಿ. ಆದರೆ ಈ ಫಾರ್ವರ್ಡ್ ತಪ್ಪು. ಹೆದರಿಕೆ ಏನು ನಾಯಿ ಬೇಕಂತ ಮಾಡುವ ಕೆಲಸವಾ, ಮುದ್ದು ಸಿಕ್ಕಿತು ಅಂತ ಜಾಸ್ತಿ ಮಾಡೋಕೆ? ಹತ್ತಿರ ಬಂದರೆ ಸುಮ್ನೆ ಪಕ್ಕದಲ್ಲಿ ಕೂರಬೇಕು. ಅಡಗಿದರೆ ಎಳೆಯಬಾರದು.

ದೊಡ್ಡಪ್ಪ: ನಮಗೆ ಏನೂ ಕೇಳಿಸದಾಗಲೂ ನಡುಗುತ್ತಾನಲ್ಲ, ಅದು ನಾಟಕ ಅಲ್ವಾ?

ದೀಪು (ಶಿವಮೊಗ್ಗದಲ್ಲಿ ವೆಟರ್ನರಿ ಓದುತ್ತಿರುವವನು): ಅಲ್ಲ ದೊಡ್ಡಪ್ಪ. ನಮ್ಮ ಕಿವಿ 20,000 ಹರ್ಟ್ಸ್‌ಗೆ ನಿಲ್ಲುತ್ತದೆ. ನಾಯಿಗೆ ಸುಮಾರು 45,000ದ ತನಕ ಕೇಳುತ್ತದೆ. ನಮಗೆ ಸಿಗದ ಸದ್ದೂ ಅದಕ್ಕೆ ಸಿಗುತ್ತದೆ.

ರವಿ ಭಾವ: ಅಮ್ಮನ ನಿದ್ದೆ ಮಾತ್ರೆ ಅರ್ಧ ಕೊಟ್ಟರೆ?

ದೀಪು: ಬೇಡವೇ ಬೇಡ ಭಾವ! ಪ್ಯಾರಾಸಿಟಮಾಲ್ ಕೂಡ ನಾಯಿಗೆ ವಿಷವಾಗಬಹುದು. ಕೆಲವು ಮತ್ತಿನ ಔಷಧಿಗೆ ಮೈ ಮಾತ್ರ ಮಲಗುತ್ತದೆ, ಒಳಗಿನ ಭಯ ಹಾಗೇ ಇರುತ್ತದೆ. ಭಯಕ್ಕೆ ಅಂತಲೇ ಬೇರೆ ಔಷಧಿ ಇದೆ, ಡಾಕ್ಟರು ತೂಕ ನೋಡಿ ಬರೆಯಬೇಕು.

ದೊಡ್ಡಪ್ಪ: ಹಾಗಾದರೆ ಅಭ್ಯಾಸ ಮಾಡಿಸುವುದು ಸುಳ್ಳಾ ಮಾರಾಯ?

ದೀಪು: ಸುಳ್ಳಲ್ಲ, ಮಾಡುವ ರೀತಿ ಬೇರೆ. ಮಳೆಗಾಲ ಮುಗಿದ ಮೇಲೆ ಮೊಬೈಲಿನಲ್ಲಿ ಗುಡುಗಿನ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಜೊತೆಗೆ ಬೆಣ್ಣೆ ಸವರಿದ ರೊಟ್ಟಿ ಚೂರು ಕೊಡಬೇಕು. ತಿನ್ನುವುದು ಬಿಟ್ಟ ಅಂದರೆ ಸದ್ದು ಜಾಸ್ತಿಯಾಯಿತು ಅಂತ ಲೆಕ್ಕ, ಇಳಿಸಬೇಕು. ವಾರಗಟ್ಟಲೆ ಹಿಡಿಯುತ್ತದೆ.

ಸುಮಕ್ಕ: ಗುಡುಗು ಇರಲಿ. ಬೆಳಿಗ್ಗೆ ಮಂಗ ಓಡಿಸೋಕೆ ನೀವು ಹೊಡೆಯುತ್ತೀರಲ್ಲ ದೊಡ್ಡಪ್ಪ ಕೋವಿ ಈಡು, ಅದಕ್ಕೇನು ಮಾಡಲಿ?

(ಹತ್ತು ನಿಮಿಷ ಯಾರೂ ಮಾತಿಲ್ಲ. ಎಲ್ಲರೂ ಓದಿದ್ದು ಮಾತ್ರ ಕಾಣುತ್ತಿತ್ತು.)

ದೊಡ್ಡಪ್ಪ: ಸುಮ್ನೆ ಬಿಟ್ಟರೆ ತೋಟದಲ್ಲಿ ಒಂದು ಬಾಳೆಗೊನೆ ಉಳಿಯಲ್ಲ. ಹೊಡೆಯಲೇಬೇಕು. ಮೊದಲು ಮೆಸೇಜ್ ಹಾಕುತ್ತೇನೆ, ಒಳಗೆ ಕರೆದುಕೋ.

ಸುಮಕ್ಕ: ಇಲ್ಲಿ ಸಿಗ್ನಲ್ ಯಾವಾಗಲೂ ಎಲ್ಲಿರುತ್ತದೆ? ತೋಟದಿಂದಲೇ ಒಂದು ಕೂ ಹಾಕಿ.

ದೊಡ್ಡಪ್ಪ: ಅದಕ್ಕೂ ಹೆದರಿದರೆ?

ಸುಮಕ್ಕ: ನಿಮ್ಮ ಕೂಗಿಗೆ ಬಾಲ ಅಲ್ಲಾಡಿಸುತ್ತಾನೆ. ಬೆಲ್ಲ ತಂದಿರಿ ಅಂತ.