ನೀರಿನ ಆಪರೇಟರ್ ಪರೀಕ್ಷೆ: ಲೆಕ್ಕವನ್ನು ಎಲ್ಲಿಂದ ಕಲಿಯಬೇಕು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಬಾಗೇಪಲ್ಲಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಒಂಬತ್ತು ವರ್ಷಗಳಿಂದ ನೀರುಗಂಟಿಯಾಗಿದ್ದೇನೆ. ಮೋಟಾರು ಹಾಕುವುದು, ವಾಲ್ವ್ ತಿರುಗಿಸುವುದು, ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುವುದು ಎಲ್ಲವೂ ಅಭ್ಯಾಸವಾಗಿದೆ. ಈಗ ಆಪರೇಟರ್ ಪ್ರಮಾಣಪತ್ರದ ಪರೀಕ್ಷೆ ಬರೆಯಬೇಕೆಂದಿದ್ದೇನೆ. ಆದರೆ ಎಸ್ಸೆಸ್ಸೆಲ್ಸಿ ಮುಗಿಸಿ ಇಪ್ಪತ್ತು ವರ್ಷವಾಗಿರುವುದರಿಂದ ಲೆಕ್ಕವೆಂದರೆ ಭಯವಾಗುತ್ತದೆ. ಓದನ್ನು ಎಲ್ಲಿಂದ ಶುರು ಮಾಡಲಿ?

ಉತ್ತರ: ನಮಸ್ಕಾರ. ನೀವು ದಿನವೂ ತುಂಬಿಸುವ ಟ್ಯಾಂಕಿನಿಂದಲೇ ಶುರು ಮಾಡಿ. ಟ್ಯಾಂಕು 50,000 ಲೀಟರಿನದು, ಪ್ರತಿ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕು ಎಂದುಕೊಳ್ಳಿ. ಗುಣಿಸಿದರೆ 1,00,000 ಮಿಲಿಗ್ರಾಂ, ಅಂದರೆ 100 ಗ್ರಾಂ. ಇಲ್ಲಿಗೆ ಲೆಕ್ಕ ಮುಗಿಯಲಿಲ್ಲ. ಪುಡಿಯಲ್ಲಿರುವ ಕ್ಲೋರಿನ್ ಶೇ. 25 ಮಾತ್ರ ಎಂದು ಪ್ರಶ್ನೆಯಲ್ಲಿ ಕೊಟ್ಟಿದ್ದರೆ, 100 ಗ್ರಾಂ ಕ್ಲೋರಿನ್ ಸಿಗಲು 400 ಗ್ರಾಂ ಪುಡಿ ಬೇಕಾಗುತ್ತದೆ. ನನ್ನ ಮೊದಲ ಪರೀಕ್ಷೆಯಲ್ಲಿ ನಾನು 100 ಗ್ರಾಂ ಎಂದೇ ಬರೆದು ಅಂಕ ಕಳೆದುಕೊಂಡಿದ್ದೆ. ಆದ್ದರಿಂದಲೇ ಈ ಕೊನೆಯ ಹೆಜ್ಜೆಯನ್ನು ಒತ್ತಿ ಹೇಳುತ್ತಿದ್ದೇನೆ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿಯುತ್ತೇನೆ ಎನ್ನಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮತ್ತಷ್ಟು ನೀರು ಬೆರೆಸಿ, ಸುಣ್ಣವು ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಬಿಟ್ಟು, ಕನಿಷ್ಠ ಅರ್ಧ ಗಂಟೆ ಕಾದು, ಆಮೇಲೆ ಊರಿಗೆ ನೀರು ಬಿಡಬೇಕು. ಕ್ಲೋರಿನ್ ಕೆಲಸ ಮಾಡಲು ಆ ಅರ್ಧ ಗಂಟೆ ಬೇಕೇ ಬೇಕು.

ಪ್ರಶ್ನೆ: ಮೇಡಂ, ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರ ಬಗ್ಗೆಯೂ ಪ್ರಶ್ನೆ ಬರುತ್ತದೆಯೇ?

ಉತ್ತರ: ಖಂಡಿತ ಓದಿಕೊಳ್ಳಿ. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ 1.5ರವರೆಗೆ ಅವಕಾಶವಿದೆ. ಬ್ಲೀಚಿಂಗ್ ಪುಡಿಯಿಂದ ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಅದನ್ನು ತೆಗೆಯಲು ಆರ್‌ಒ ಅಥವಾ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವ ಆಕ್ಟಿವೇಟೆಡ್ ಅಲ್ಯೂಮಿನಾ ಹರಳುಗಳಂಥ ವಿಧಾನವೇ ಬೇಕು. ಪರೀಕ್ಷೆ ಹಾಗಿರಲಿ, ಊರಿನ ತಾಯಂದಿರು ಕೇಳಿದಾಗಲೂ ಈ ಮಾತನ್ನು ನೀವು ಸರಿಯಾಗಿ ಹೇಳಬಲ್ಲವರಾಗಬೇಕು.

ಪ್ರಶ್ನೆ (ಗುಂಪಿನ ಮತ್ತೊಬ್ಬ ಸದಸ್ಯರಿಂದ): ನಾನು ಕೋಲಾರದಲ್ಲಿ ಒಂದು ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ತರಬೇತಿಯಲ್ಲಿದ್ದೇನೆ. ಎಸ್‌ವಿಐ (ಸ್ಲಡ್ಜ್ ವಾಲ್ಯೂಮ್ ಇಂಡೆಕ್ಸ್) ಎಂಬುದನ್ನು ಬಾಯಿಪಾಠ ಮಾಡಿದ್ದೇನೆ, ಅರ್ಥವಾಗಿಲ್ಲ.

ಉತ್ತರ: ಕೊಳಚೆ ನೀರಿಗೆ ಗಾಳಿ ಊದುವ ಏರೇಷನ್ ತೊಟ್ಟಿಯ ನೀರನ್ನು ಒಂದು ಲೀಟರಿನ ಅಳತೆ ಜಾಡಿಯಲ್ಲಿ ತುಂಬಿ, ಅಲುಗಾಡದ ಕಡೆ ಇಟ್ಟು, 30 ನಿಮಿಷ ಪಕ್ಕದಲ್ಲೇ ನಿಂತು ನೋಡಿ. ಕಂದು ಬಣ್ಣದ ಕೆಸರು ಸಣ್ಣ ಸಣ್ಣ ಮುದ್ದೆಗಳಾಗಿ ಕೂಡಿಕೊಂಡು ಕೆಳಗಿಳಿದು, ಮೇಲೆ ತಿಳಿನೀರು ನಿಲ್ಲುತ್ತದೆ. ಕೆಸರು 250 ಮಿಲಿಲೀಟರ್ ಗೆರೆಗೆ ಬಂದು ನಿಂತಿತು, ಎಂಎಲ್‌ಎಸ್‌ಎಸ್ (ಆ ತೊಟ್ಟಿಯ ನೀರಿನಲ್ಲಿ ತೇಲಾಡುವ ಘನಕಣಗಳ ಪ್ರಮಾಣ) ಲೀಟರಿಗೆ 2,500 ಮಿಲಿಗ್ರಾಂ ಇದೆ ಎಂದರೆ, 250ನ್ನು 1,000ದಿಂದ ಗುಣಿಸಿ 2,500ರಿಂದ ಭಾಗಿಸಿ. ಬರುವ 100 ಎಂಬುದೇ ಎಸ್‌ವಿಐ. ಒಂದು ಗ್ರಾಂ ಕೆಸರು ಎಷ್ಟು ಮಿಲಿಲೀಟರ್ ಜಾಗ ಹಿಡಿಯುತ್ತದೆ ಎಂಬುದು ಅದರ ಅರ್ಥ. ಈ ಸಂಖ್ಯೆ 150 ದಾಟಿ ಏರುತ್ತಿದ್ದರೆ ಕೆಸರು ಉಬ್ಬಿದೆ, ಸರಿಯಾಗಿ ಕೂರುತ್ತಿಲ್ಲ ಎಂದು ಎಚ್ಚರವಾಗಬೇಕು.

ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಅಳತೆಯೇ ಬಿಒಡಿ. ವಿದೇಶಿ ಪುಸ್ತಕಗಳಲ್ಲಿ ಇದರ ಪರೀಕ್ಷೆ 20 ಡಿಗ್ರಿಯಲ್ಲಿ 5 ದಿನ ಎಂದಿರುತ್ತದೆ. ನಮ್ಮ ದೇಶದ ಪದ್ಧತಿ 27 ಡಿಗ್ರಿಯಲ್ಲಿ 3 ದಿನ. ನಿಮ್ಮ ಜಿಲ್ಲೆಯ ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಬರುತ್ತಿರುವಾಗ, ಇದನ್ನು ಕೋಲಾರದವರು ಇನ್ನೂ ಚೆನ್ನಾಗಿ ತಿಳಿದಿರಬೇಕೆಂದು ನನ್ನ ಆಸೆ.

ಸುರಕ್ಷತೆಯ ಪಾಠವನ್ನು ಮಾತ್ರ ಯಾರೂ ಬಿಡಬೇಡಿ. ಕೊಳಚೆಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ವಾಸನೆ ಇಲ್ಲವೆಂದು ಮ್ಯಾನ್‌ಹೋಲಿಗೆ ಇಳಿಯುವುದು ಜೀವಕ್ಕೇ ಅಪಾಯ.

ಪ್ರಶ್ನೆ (ಮೊದಲ ಸದಸ್ಯರಿಂದ): ಮೇಡಂ, ನಮ್ಮ ಟ್ಯಾಂಕು ಒಂದು ಲಕ್ಷ ಲೀಟರಿನದು. ನಿಮ್ಮ ಲೆಕ್ಕದಂತೆ 800 ಗ್ರಾಂ ಬಂತು. ಸರಿಯೇ?

ಉತ್ತರ: ಸರಿಯಾಗಿದೆ. ನಾಳೆ ಅಷ್ಟೇ ತೂಗಿ ಹಾಕಿ, ಊರಿನ ಕೊನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ನೋಡಿ. ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ, ಮೊದಲು ಪಂಪ್‌ಹೌಸಿನಲ್ಲಿರುವ ಪುಡಿಯ ಚೀಲ ಎಷ್ಟು ಹಳೆಯದು, ಅದರ ಬಾಯಿ ಬಿಗಿಯಾಗಿ ಕಟ್ಟಿದೆಯೇ ಎಂದು ಪರಿಶೀಲಿಸಿ, ಬಂದ ಅಂಕಿಯನ್ನು ಇಲ್ಲಿ ಬರೆಯಿರಿ.